ಸುಶೀಲಳ ಮುಖದ ಮೇಲಿನ ರವೆ

ಗೋಬಿ ಮಂಚೂರಿ ಗಾಡಿಯ ಪಕ್ಕ ನಿಂತರೆ ನನಗೆ ಹಸಿವಾಗುವುದಿಲ್ಲ, ಸುಶೀಲ ನೆನಪಾಗುತ್ತಾಳೆ. ಇಲ್ಲಿ ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನ ಎದುರು ಸಂಜೆ ನಾಲ್ಕಾಯಿತೆಂದರೆ ಬಾಣಲೆ ಕಾಯುತ್ತದೆ. ಗಾಡಿಯವನು ಬಾಟಲಿ ಬಗ್ಗಿಸಿ ವಿನೆಗರ್ ಸುರಿದ ಕೂಡಲೇ ಆ ಹುಳಿ ಘಾಟು ಮೂಗಿಗೆ ಬಂದು ಕೂರುತ್ತದೆ. ಜೊತೆಗಿರುವ ಮಗಳು ‘ಅಮ್ಮ, ಒಂದು ಪ್ಲೇಟ್ ತಗೊಳ್ಳೋಣ್ವಾ’ ಅಂತಾಳೆ. ಅಷ್ಟರಲ್ಲಿ ನಾನು ಪಾಂಡವಪುರದ ಚಿಕ್ಕಪ್ಪನ ಸ್ಟುಡಿಯೊ ಹಿಂದಿನ ಕತ್ತಲೆ ಕೋಣೆಯಲ್ಲಿ, ಫೋಟೋ ತೊಳೆಯಲು ಸಾಲಾಗಿಟ್ಟ ಮೂರು ಟ್ರೇಗಳ ಮುಂದೆ ನಿಂತಿರುತ್ತೇನೆ. ನಡುವಿನ ಟ್ರೇಯ ಆಸಿಡ್ ನೀರಿಗೂ ಇದೇ ವಾಸನೆ ಇತ್ತು.

ಮೂವತ್ತು ವರ್ಷದ ಮೇಲಾಯಿತು. ಆ ವರ್ಷ ನಾನು ಪಿಯುಸಿಯಲ್ಲಿ ಕೆಮಿಸ್ಟ್ರಿ ಫೇಲಾಗಿದ್ದೆ. ನಮ್ಮೂರು ಕರಿಘಟ್ಟದ ಕೆಳಗೆ. ಊರಲ್ಲೇ ಬಿಟ್ಟರೆ ಹೊಲ, ಹಸು ಅಂತ ಓದು ಮರೆಯುತ್ತಾಳೆ ಎಂದು ಅಪ್ಪ ನನ್ನನ್ನು ಪಾಂಡವಪುರದ ಚಿಕ್ಕವ್ವನ ಮನೆಯಲ್ಲಿ ಬಿಟ್ಟು ಬಂದ. ಬೆಳಿಗ್ಗೆ ಟ್ಯುಟೋರಿಯಲ್ಲು, ಆಮೇಲೆ ಇಡೀ ದಿನ ಖಾಲಿ. ಚಿಕ್ಕಪ್ಪ ಶಿವಣ್ಣ ಫೋಟೋಗ್ರಾಫರ್. ಮನೆಯ ಮುಂದಿನ ಎರಡು ಕೋಣೆಯೇ ಸ್ಟುಡಿಯೊ. ಅಷ್ಟು ಹೊತ್ತಿಗಾಗಲೇ ಮದುವೆಗೆಲ್ಲ ಕಲರ್ ಬಂದಿತ್ತು. ಆದರೆ ಅರ್ಜಿಗೆ ಅಂಟಿಸುವ ಫೋಟೋ, ಗಂಡಿನ ಕಡೆಗೆ ಕಳಿಸುವ ಫೋಟೋ ಇನ್ನೂ ಕಪ್ಪು ಬಿಳುಪಿನಲ್ಲೇ ಆಗುತ್ತಿದ್ದವು, ಅವನ್ನು ಮನೆಯಲ್ಲೇ ತೊಳೆಯುತ್ತಿದ್ದರು. ಆ ಕೆಲಸ ಚಿಕ್ಕವ್ವನದು. ಅವಳಿಗೆ ಸೊಂಟ ನೋವು ಶುರುವಾಗಿ ನಿಲ್ಲಲಾಗದೆ ಹೋದಾಗ ‘ನೀನೇ ಮಾಡವ್ವ’ ಅಂದಳು. ಮೊದಲು ಪ್ರಿಂಟು ತೊಳೆದು ಒಣಗಿಸುವುದು ಕಲಿತೆ. ತಿಂಗಳು ಕಳೆಯುವುದರೊಳಗೆ ಫಿಲ್ಮು ತೊಳೆಯುವುದು, ಕೆಂಪು ಬಲ್ಬಿನ ಕೆಳಗೆ ಎನ್‌ಲಾರ್ಜರಿನಲ್ಲಿ ಮುಖಗಳನ್ನು ದೊಡ್ಡದು ಮಾಡುವುದು ಎಲ್ಲಾ ಕೈಗೆ ಬಂತು. ಕೆಮಿಸ್ಟ್ರಿ ಪುಸ್ತಕ ಮಾತ್ರ ಕಿಟಕಿಯ ಮೇಲೆ ಹಾಗೇ ಇತ್ತು.

ಸುಶೀಲ ಹಿಂದಿನ ಬೀದಿಯವಳು. ಅವಳಪ್ಪ ತಮ್ಮೇಗೌಡರಿಗೆ ನಾಲೆ ಬಯಲಲ್ಲಿ ಕಬ್ಬು, ಮನೆಯಲ್ಲಿ ನಾಲ್ಕು ಸೀಮೆಹಸು. ನಮಗೆ ಹಾಲು ತರುತ್ತಿದ್ದವಳು ಅವಳು. ನಾನು ಫೇಲಾದ ಪರೀಕ್ಷೆಯಲ್ಲಿ ಅವಳು ಫಸ್ಟ್ ಕ್ಲಾಸು. ಮೇಷ್ಟ್ರ ಟ್ರೈನಿಂಗಿಗೆ ಅರ್ಜಿ ಹಾಕಿ ಲಿಸ್ಟು ಕಾಯುತ್ತಿದ್ದಳು. ಹಾಲಿನ ಕ್ಯಾನು ಹೊತ್ತು ಬರುವಾಗ ಮೂಗಿನ ಮೇಲೆ ಬೆವರು ಮೂಡಿರುತ್ತಿತ್ತು. ಎರಡು ಕೈಗೂ ಕೆಲಸವಿರುತ್ತಿದ್ದರಿಂದ ಮೊಣಕೈ ಎತ್ತಿ ಒರೆಸಿಕೊಳ್ಳುತ್ತಿದ್ದಳು. ಹಾಲು ಅಳೆದು ಕೊಟ್ಟ ಮೇಲೆ ಮನೆಗೆ ಹೋಗುವುದು ಬಿಟ್ಟು ಕತ್ತಲೆ ಕೋಣೆಗೆ ನುಗ್ಗುತ್ತಿದ್ದಳು.

ಅಲ್ಲಿ ನಮ್ಮದೊಂದು ಆಟ. ಬಿಳಿ ಕಾಗದವನ್ನು ಡೆವಲಪರ್ ಟ್ರೇಗೆ ಹಾಕಿ ಅಲ್ಲಾಡಿಸುತ್ತಿದ್ದರೆ ಮೊದಲು ಕೂದಲು, ಹುಬ್ಬು, ಮೀಸೆ ಬರುತ್ತವೆ. ಮುಖ ತಡ. ಮೀಸೆ ಬರುತ್ತಿದ್ದ ಹಾಗೇ ಯಾರೆಂದು ಹೇಳಬೇಕು.

‘ಸೊಸೈಟಿ ಕಾರ್ಯದರ್ಶಿ ಕಣಮ್ಮಿ,’ ಅಂತಿದ್ದಳು. ‘ಮೀಸೆ ಒಂದು ಕಡೆ ಮ್ಯಾಲೆ, ಒಂದು ಕಡೆ ಕೆಳಗೆ.’

ಸರಿಯಾಗಿ ಅವನೇ ಆಗಿರುತ್ತಿದ್ದ. ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆವು, ಹೊರಗೆ ಆತನೇ ಫೋಟೋ ತಗೊಳ್ಳಲು ಬೆಂಚಿನ ಮೇಲೆ ಕೂತಿರುತ್ತಿದ್ದನಲ್ಲ! ಆಟ ಮುಗಿದ ಮೇಲೆ ನನ್ನ ಪುಸ್ತಕ ತೆಗೆದು ಪ್ರಶ್ನೆ ಕೇಳುತ್ತಿದ್ದಳು. ಉತ್ತರ ಬಾರದಿದ್ದರೆ ಮೇಷ್ಟ್ರ ಹಾಗೆ ಕಿವಿ ಹಿಂಡುವಳು. ನನಗೆ ಒಬ್ಬಳೇ ಅಕ್ಕ, ಅವಳು ಮದುವೆಯಾಗಿ ಹೋಗಿ ವರ್ಷಗಳಾಗಿದ್ದವು. ಆ ಮುಂಗಾರಿನಲ್ಲಿ ನನಗೆ ಅಕ್ಕ, ಗೆಳತಿ, ಮೇಡಂ ಎಲ್ಲಾ ಸುಶೀಲಳೇ.

ಶ್ರಾವಣದ ಮೊದಲ ವಾರ. ನಾಲ್ಕು ದಿನದಿಂದ ಜಿನುಗುಮಳೆ. ಕುಂತಿಬೆಟ್ಟ ಮೋಡದೊಳಗೆ ಹೋಗಿ ಕಾಣುತ್ತಲೇ ಇರಲಿಲ್ಲ. ಕಬ್ಬಿನ ಗಾಡಿಗಳು ಓಡಾಡಿ ಬೀದಿಯೆಲ್ಲ ಕೆಸರು. ಬೆಳಿಗ್ಗೆಯೇ ಕರೆಂಟು ಹೋಗಿತ್ತು. ಚಿಕ್ಕಪ್ಪ ದೊಡ್ಡ ಕ್ಯಾಮರಾ, ಫ್ಲ್ಯಾಶು ಎಲ್ಲಾ ಹೊತ್ತುಕೊಂಡು ಶ್ರೀರಂಗಪಟ್ಟಣದ ಗೃಹಪ್ರವೇಶಕ್ಕೆ ಹೋಗಿದ್ದರು. ಮಧ್ಯಾಹ್ನದ ಹೊತ್ತಿಗೆ ಸುಶೀಲ ಬಂದಳು, ಹಾಲಿನ ಕ್ಯಾನಿಲ್ಲದೆ, ಅವಳವ್ವನ ರೇಷ್ಮೆ ಸೀರೆ ಉಟ್ಟು.

‘ನಾಗಮಂಗಲದ ಕಡೆಯಿಂದ ಕೇಳವ್ರಂತೆ. ನಾಳೆ ಪೋಟ ಕಳಿಸ್ಬೇಕಂತೆ ಅಪ್ಪ.’

‘ಚಿಕ್ಕಪ್ಪ ಬರಲಿ ತಡಿ.’

‘ನೀನೇ ತೆಗಿ,’ ಅಂದಳು. ಆಮೇಲೆ ಕಾಲಿನ ಕೆಸರು ನೋಡುತ್ತಾ, ‘ಚೆನ್ನಾಗಿ ತೆಗೀಬ್ಯಾಡ ಕಣಮ್ಮಿ,’ ಅಂದಳು.

ನಾನು ನಕ್ಕುಬಿಟ್ಟೆ. ಮದುವೆ ಫೋಟೋಗೆ ಬಂದ ಹುಡುಗಿಯರೆಲ್ಲ ನಾಚಿಕೆಗೆ ಏನೋ ಒಂದು ಹೇಳುತ್ತಾರೆ. ಸ್ಟುಡಿಯೊದಲ್ಲಿ ಬೆಳಕಿರಲಿಲ್ಲ, ಹಿತ್ತಲ ಬಾಗಿಲ ಹತ್ತಿರ ಸುಣ್ಣದ ಗೋಡೆಗೆ ಒರಗಿಸಿ ನಿಲ್ಲಿಸಿದೆ. ಮನೆಯಲ್ಲಿ ಉಳಿದಿದ್ದುದು ಚಿಕ್ಕ ಕ್ಯಾಮರಾ. ಅದರಲ್ಲಿ ಕಡಿಮೆ ಬೆಳಕಿಗೆಂದು ಚಿಕ್ಕಪ್ಪ ಹಾಕಿಟ್ಟಿದ್ದ ವೇಗದ ಫಿಲ್ಮಿತ್ತು. ಆ ಮೋಡಕ್ಕೆ ಅದೂ ಸಾಲದು. ಇರಲಿ, ಡೆವಲಪರಿನಲ್ಲಿ ಹೆಚ್ಚು ಹೊತ್ತು ಬಿಟ್ಟು ಸರಿಮಾಡಿದರಾಯಿತು ಎಂದುಕೊಂಡೆ. ಡೆವಲಪರ್ ಬೇಗ ಕೆಲಸ ಮಾಡಲಿ ಎಂದು ನೀರನ್ನೂ ಬೆಚ್ಚಗೆ ಮಾಡಿದೆ. ಕರೆಂಟು ಬಂದ ಮೇಲೆ, ದೂರದಿಂದ ತೆಗೆದಿದ್ದ ಆ ಪುಟ್ಟ ನೆಗೆಟಿವಿನಲ್ಲಿ ಮುಖದ ಜಾಗವನ್ನಷ್ಟೇ ಹಿಡಿದು ದೊಡ್ಡ ಕಾಗದದ ತುಂಬ ಹಿಗ್ಗಿಸಿದೆ. ಮುಖದ ಮೇಲೆಲ್ಲ ಸಣ್ಣ ಕಾಳುಕಾಳು ಕಂಡಿತು. ಆದರೂ ಕಣ್ಣಿನಲ್ಲಿ ಬಾಗಿಲ ಬೆಳಕು ಕೂತಿದ್ದ ರೀತಿ ನನಗೆ ಬಹಳ ಇಷ್ಟವಾಯಿತು. ತಮ್ಮೇಗೌಡರು ಕವರು ಬಿಚ್ಚಿಯೂ ನೋಡದೆ, ಸಂಬಂಧ ತಂದಿದ್ದ ನೆಂಟನ ಕೈಗೆ ಕೊಟ್ಟು ಕಳಿಸಿದರು.

ಎಂಟು ದಿನದ ಮೇಲೆ ತಮ್ಮೇಗೌಡರು ಆ ಫೋಟೋ ಹಿಡಿದು ಸ್ಟುಡಿಯೊ ಬಾಗಿಲಲ್ಲಿ ನಿಂತರು. ಮೈಮೇಲೆ ಮಳೆ ಸುರಿಯುತ್ತಿದ್ದರೂ ಒಳಗೆ ಬರಲಿಲ್ಲ.

‘ಏನಯ್ಯ ಶಿವಣ್ಣ, ನನ್ ಮಗಳ ಮಕದ ತುಂಬ ರವೆ ಸುರ್ದಿದ್ದೀರಲ್ಲಯ್ಯ! ಉಡುಗೀಗೆ ಸಿಡುಬಾಗಿ ಮಕವೆಲ್ಲ ಕಲೆ ಉಳ್ದೈತೆ, ಮುಚ್ಚಿಟ್ಟು ಕೊಡಾಕೆ ನೋಡ್ತಾವ್ರೆ ಅಂತ ಏಳಿ ಕಳಿಸವ್ರೆ. ಇನ್ನೊಬ್ಬ ಮಗಳವ್ಳೆ ನಂಗೆ. ನಾಳೆ ಅವಳ್ನ ಯಾರು ಕೇಳ್ತಾರೆ?’

ಚಿಕ್ಕಪ್ಪ ಫೋಟೋ ಇಸಿದುಕೊಂಡು ನೋಡಿದರು, ನನ್ನನ್ನು ನೋಡಿದರು. ‘ತಪ್ಪು ನಮ್ದು ಗೌಡ್ರೆ. ಬೇರೆ ತೆಗ್ದು ಕೊಡ್ತೀನಿ.’

‘ಬೇರೆ ಕಳಿಸಿದ್ರೆ ಪೆನ್ಸಿಲ್ ಆಡಿಸಿ ಅಳಿಸವ್ರೆ ಅಂತಾರೆ. ಬ್ಯಾಡ ಅಂದೋರ್ನ ಬಂದು ನೋಡಿ ಅಂತ ಕರೆಯಾಕೆ ನಾನಂತೂ ಓಗಕಿಲ್ಲ.’ ಅಷ್ಟು ಹೇಳಿ ಹೊರಟುಹೋದರು. 

ಚಿಕ್ಕಪ್ಪ ನನ್ನನ್ನು ಬಯ್ಯಲಿಲ್ಲ. ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ ಅದೇ ನೆಗೆಟಿವ್ ಎನ್‌ಲಾರ್ಜರಿಗೆ ಹಾಕಿ, ಕೆಳಗೆ ಬಿದ್ದ ಬೆಳಕಿನ ಮೇಲೆ ಭೂತಗನ್ನಡಿ ಇಟ್ಟು ‘ನೋಡು’ ಅಂದರು. ಮುಖವೇ ಇರಲಿಲ್ಲ. ಮರಳು ಚೆಲ್ಲಿದ ಹಾಗೆ ಬರೀ ಕಾಳು.

‘ಇದು ಬಣ್ಣ ಅಲ್ಲ ಕಣವ್ವ, ಬೆಳ್ಳಿ. ಫಿಲ್ಮಿನ ಮೇಲೆ ತೆಳ್ಳಗೆ ಅಂಟು ಬಳಿದು ಅದರೊಳಗೆ ಬೆಳ್ಳಿ ಉಪ್ಪಿನ ಹರಳು ಕೂರಿಸಿರ್ತಾರೆ. ಬೆಳಕು ಬಿದ್ದ ಹರಳನ್ನ ಡೆವಲಪರು ಕಪ್ಪು ಬೆಳ್ಳಿ ಮಾಡ್ತದೆ. ಬೀಳದೇ ಇರೋದನ್ನ ಕೊನೇಗೆ ಹಾಕೋ ಹೈಪೊ ನೀರು ತೊಳ್ಕೊಂಡು ಹೋಯ್ತದೆ.’ ಅಡುಗೆಮನೆಯಿಂದ ಚಿಕ್ಕವ್ವನ ಮೊರ ತರಿಸಿ ಒಂದು ಕಡೆ ರಾಗಿ, ಒಂದು ಕಡೆ ಅವರೆಕಾಳು ಹರವಿದರು. ‘ದೂರದಿಂದ ನೋಡು. ರಾಗಿ ಒಂದೇ ಸಮ ಕಾಣ್ತದೆ, ಅವರೆ ಕಾಳುಕಾಳಾಗೇ ಕಾಣ್ತದೆ. ನಿಧಾನದ ಫಿಲ್ಮಿನಲ್ಲಿ ಹರಳು ಸಣ್ಣದು, ಬೆಳಕು ಜಾಸ್ತಿ ಕೇಳ್ತದೆ. ವೇಗದ್ದರಲ್ಲಿ ಹರಳು ದಪ್ಪ, ಚೂರು ಬೆಳಕಿಗೇ ಕೆಲಸ ಆಗೋಯ್ತದೆ. ನೀನು ದಪ್ಪ ಹರಳಿನದು ತಗೊಂಡೆ. ಅದರ ಮೇಲೆ ಬಿಸಿ ನೀರು, ಜಾಸ್ತಿ ಹೊತ್ತು. ಮುದ್ದೆ ಸರಿಯಾಗಿ ತಿರುವದೇ ಇದ್ರೆ ಹಿಟ್ಟು ಗಂಟಾಗಲ್ವಾ, ಅಂಗೆ ಬೆಳ್ಳಿನೂ ಒಂದರ ಪಕ್ಕ ಒಂದು ಸೇರಿ ಗಂಟು ಕಟ್ತದೆ. ಅದನ್ನ ತಗೊಂಡು ಇಷ್ಟುದ್ದ ಹಿಗ್ಗಿಸಿದೀಯ.’

‘ಕೆನ್ನೆ ಮೇಲೇ ಯಾಕೆ ಹೆಚ್ಚು ಕಾಣ್ತದೆ ಚಿಕ್ಕಪ್ಪ?’

‘ಪೂರ್ತಿ ಕಪ್ಪಿನಲ್ಲೂ ಕಾಣಲ್ಲ, ಪೂರ್ತಿ ಬಿಳೀಲೂ ಕಾಣಲ್ಲ. ನಡುವಿನ ಬೂದು ಬಣ್ಣದಲ್ಲೇ ಅದು ಎದ್ದು ಕಾಣೋದು. ನಮ್ಮ ಚರ್ಮ ಬರೋದೆಲ್ಲ ಅದೇ ಬಣ್ಣದಾಗೆ. ಇನ್ನೊಂದು ಗೊತ್ತಾ? ಪ್ರಿಂಟಿನಲ್ಲಿ ಕಪ್ಪಗೆ ಕಾಣೋ ಚುಕ್ಕೆ ನೆಗೆಟಿವಿನ ಬೆಳ್ಳಿ ಅಲ್ಲ. ಬೆಳ್ಳಿ ಇರೋ ಕಡೆ ಬೆಳಕು ನಿಲ್ತದೆ, ಅಲ್ಲಿ ಕಾಗದ ಬೆಳ್ಳಗೇ ಉಳೀತದೆ. ಕಾಳು ಕಾಳಿನ ನಡುವಿನ ಸಂದಿನಲ್ಲಿ ಬೆಳಕು ಇಳಿದು ಕಪ್ಪಾಗೋದು.’

ಪುಸ್ತಕದಲ್ಲಿ ಎರಡು ವರ್ಷ ಓದಿಯೂ ತಲೆಗೆ ಹೋಗದ ಕೆಮಿಸ್ಟ್ರಿ ಒಂದು ಮೊರದಲ್ಲಿ ಅರ್ಥವಾಗಿತ್ತು. ಅರ್ಥವಾದದ್ದನ್ನು ಯಾರಿಗಾದರೂ ಹೇಳಲೇಬೇಕು ಎನ್ನುವ ವಯಸ್ಸು. ‘ನಾನೇ ಹೋಗಿ ಹೇಳ್ತೀನಿ,’ ಅಂದೆ. ಚಿಕ್ಕಪ್ಪ ಮೊದಲು ಒಪ್ಪಲಿಲ್ಲ. ‘ತಪ್ಪು ಮಾಡಿದೋಳು ನಾನು, ನಾನೇ ಸರಿಮಾಡ್ಬೇಕು,’ ಎಂದು ಹಟ ಹಿಡಿದ ಮೇಲೆ ತಾವೂ ಜೊತೆಗೆ ಹೊರಟರು. ಸುಶೀಲಳನ್ನು ಕೇಳಬೇಕು ಅಂತ ಇಬ್ಬರಿಗೂ ಹೊಳೆಯಲೇ ಇಲ್ಲ. ಆ ವಾರವೆಲ್ಲ ಹಾಲು ತರುತ್ತಿದ್ದುದು ಅವಳ ತಂಗಿ. ಅವಮಾನವಾಗಿ ಒಳಗೆ ಕೂತಿದ್ದಾಳೆ ಎಂದೇ ನಾನು ಭಾವಿಸಿದ್ದೆ.

ನಾಗಮಂಗಲದ ಬಸ್ಸಿನಲ್ಲಿ ಜಕ್ಕನಹಳ್ಳಿ ದಾಟಿದ ಮೇಲೆ ಕಬ್ಬು, ಗದ್ದೆ ಹಿಂದೆ ಉಳಿದು ರಾಗಿ ಹೊಲ, ತೆಂಗು ಶುರುವಾಯಿತು. ಮಳೆಯೂ ಅಲ್ಲಿಗೇ ನಿಂತಿತ್ತು. ತೊಡೆಯ ಮೇಲೆ ರಟ್ಟಿನ ಕವರಿನಲ್ಲಿ ಮೂರು ಪ್ರಿಂಟು. ಗಂಡಿನ ಮನೆ ನಾಗಮಂಗಲಕ್ಕೆ ಸ್ವಲ್ಪ ಮೊದಲು, ರಸ್ತೆಗೆ ಅಂಟಿಕೊಂಡ ಹಳ್ಳಿಯಲ್ಲಿ. ಹುಡುಗ ಪೇಟೆಯ ಆಫೀಸೊಂದರಲ್ಲಿ ಗುಮಾಸ್ತ, ಅವತ್ತು ಮನೆಯಲ್ಲಿರಲಿಲ್ಲ. ಅವನ ತಾಯಿ ಜಗುಲಿಯ ಮೇಲೆ ಕೊಬ್ಬರಿ ಬಿಡಿಸುತ್ತಾ ಕೂತಿದ್ದರು. ಮಚ್ಚು ಕೆಳಗಿಡದೆಯೇ ನಮ್ಮ ಮಾತು ಕೇಳಿಸಿಕೊಂಡರು.

‘ಪೋಟದವ್ರು ಇನ್ನೇನು ಏಳೀರಿ. ನಿಮ್ ಅಂಗಡಿ ಎಸರು ಉಳಿಸ್ಕೋಬೇಕಲ್ಲ.’

ನಾನು ಮೊದಲು ಅಂಚೆಚೀಟಿಯಷ್ಟು ಚಿಕ್ಕ ಪ್ರಿಂಟು ಕೊಟ್ಟೆ. ‘ಅವ್ವ, ಇದು ಅದೇ ನೆಗೆಟಿವು. ಹಿಗ್ಗಿಸದೆ ಹಂಗೇ ಮಾಡಿರೋದು. ಕಲೆ ಐತಾ ನೋಡಿ.’

ಕಣ್ಣ ಹತ್ತಿರ ಹಿಡಿದು ನೋಡಿದರು. ‘ಇಷ್ಟು ಸಣ್ಣದ್ರಾಗೆ ಕಲೆ ಎಲ್ ಕಾಣ್ತದೆ?’

‘ಸರಿ ಅವ್ವ, ಇದು ನೋಡಿ.’ ದೊಡ್ಡದನ್ನು ಕೊಟ್ಟೆ. ಆಮೇಲೆ ಮೂರನೆಯದು. ಅದರಲ್ಲಿ ಮುಖವಿರಲಿಲ್ಲ. ಅದೇ ನೆಗೆಟಿವಿನಲ್ಲಿ ಸುಶೀಲಳ ಪಕ್ಕದ, ಮೋಡದ ಬೆಳಕಿಗೆ ಬೂದಾಗಿ ಬಂದಿದ್ದ ಗೋಡೆಯನ್ನು ಮಾತ್ರ ಅಷ್ಟೇ ದೊಡ್ಡದಾಗಿ ಹಿಗ್ಗಿಸಿದ್ದೆ. ಕೆನ್ನೆಯ ಮೇಲಿದ್ದ ಕಾಳೇ ಗೋಡೆಯ ತುಂಬ. ‘ಸುಣ್ಣದ ಗೋಡೆ ಇದು. ಗೋಡೇಗೂ ಸಿಡುಬು ಆಗಿತ್ತಾ ಅವ್ವ?’

ಅವರು ಎರಡನ್ನೂ ಪಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದರು. ನಾನು ಹರಳು, ಬೆಳ್ಳಿ, ಬಿಸಿ ನೀರು, ಮುದ್ದೆಯ ಗಂಟು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವರ ಭುಜ ಕುಲುಕಿತು, ಆಮೇಲೆ ನಗು ಹೊರಗೆ ಬಂತು. ಮಚ್ಚು ಪಕ್ಕಕ್ಕಿಟ್ಟರು. ‘ಗೋಡೇಗೆ ಸಿಡುಬಂತೆ! ಕೇಳಿದ್ಯಾ?’ ಅಂತ ಒಳಗಿದ್ದ ಗಂಡನನ್ನು ಕೂಗಿದರು. ನಮಗೆ ಊಟ ಹಾಕಿದರು. ಹೊರಡುವಾಗ ‘ಭಾನುವಾರ ಎಣ್ಣು ನೋಡಾಕೆ ಬತ್ತೀವಿ ಅಂತ ಏಳಿ,’ ಅಂದರು.

ಬಸ್ಸಿನಿಂದ ಇಳಿದವಳು ಮನೆಗೆ ಹೋಗದೆ ನೇರ ಸುಶೀಲಳ ಕೊಟ್ಟಿಗೆಗೆ ಓಡಿದೆ. ಕ್ಯಾನು ಬೋರಲು ಹಾಕಿ ಬೂದಿಯಲ್ಲಿ ಉಜ್ಜುತ್ತಿದ್ದಳು. ನಿಂತಲ್ಲೇ ಎಲ್ಲಾ ಹೇಳಿದೆ, ಗೋಡೆಯ ಮಾತನ್ನು ಎರಡು ಸಲ ಹೇಳಿದೆ. ಅವಳ ಕೈ ನಿಂತಿತು.

‘ನಿನ್ನ ಯಾರು ಕೇಳಿದ್ರು?’

‘ಯಾರೂ ಕೇಳ್ಲಿಲ್ಲ, ನಾನೇ ಹೋದೆ,’ ಅಂದೆ.

‘ಪೋಟ ವಾಪಸ್ ಬಂದಾಗ್ಲಿಂದ ನಂಗೆ ಎಷ್ಟು ನೆಮ್ದಿಯಾಗಿತ್ತು ಗೊತ್ತಾ? ಲಿಸ್ಟ್ ಬರೋಗಂಟ ಯಾರೂ ಒಪ್ಪದೇ ಇರ್ಲಿ ಅಂತ ದಿನಾ ದೀಪ ಅಚ್ತಿದ್ದೆ. ಚೆನ್ನಾಗಿ ತೆಗೀಬ್ಯಾಡ ಅಂದಿದ್ನಲ್ಲ ನಿಂಗೆ.’

‘ತಮಾಷೆ ಅಂದ್ಕೊಂಡೆ.’

‘ತಮಾಸೆ ಮಾಡೋ ಮುಖವಾ ಅದು? ನೀನೇ ತೆಗ್ದೆ, ನೀನೇ ತೊಳ್ದೆ, ನೀನೇ ಅಷ್ಟು ದೊಡ್ದು ಮಾಡ್ದೆ. ನೋಡ್ಲಿಲ್ವಾ?’

ಅವಳು ಕೂಗಲಿಲ್ಲ, ಅಳಲೂ ಇಲ್ಲ. ಮತ್ತೆ ಕ್ಯಾನು ಉಜ್ಜತೊಡಗಿದಳು. ನಾನು ಸ್ಟುಡಿಯೊಗೆ ಬಂದು ಆ ಫೋಟೋವನ್ನು ಬೆಳಕಿಗೆ ಹಿಡಿದೆ. ತುಟಿ ಒತ್ತಿ ಹಿಡಿದಿದ್ದಳು. ಕುತ್ತಿಗೆಯ ನರ ಬಿಗಿದಿತ್ತು. ಇನ್ನೊಂದು ಗಳಿಗೆ ನಿಂತಿದ್ದರೆ ಅತ್ತುಬಿಡುತ್ತಿದ್ದ ಮುಖ. ಇಷ್ಟು ದಿನ ಭೂತಗನ್ನಡಿ ಹಿಡಿದು ನಾನು ನೋಡಿದ್ದು ಬರೀ ಕಾಳುಗಳನ್ನು.

ಭಾನುವಾರ ಅವರು ಬಂದರು, ಒಪ್ಪಿದರು. ಒಪ್ಪಂದವಾದ ಹನ್ನೆರಡನೇ ದಿನಕ್ಕೆ ಲಿಸ್ಟು ಬಂತು, ಅವಳಿಗೆ ಸೀಟು ಸಿಕ್ಕಿತ್ತು. ತಮ್ಮೇಗೌಡರು ಕಾಗದ ಹಿಡಿದುಕೊಂಡು ನಾಗಮಂಗಲಕ್ಕೆ ಹೋಗಿ ಬಂದರು. ಗಂಡಿನ ಕಡೆಯವರು ‘ಮದ್ವೆ ಆಗ್ಲಿ, ಆಮೇಲೆ ನೋಡಣ’ ಅಂದರಂತೆ. ಆಮೇಲೆ ಯಾರೂ ನೋಡಲಿಲ್ಲ. ಕಾರ್ತಿಕದಲ್ಲಿ ಮದುವೆ. ಧಾರೆಯ ಕಲರ್ ಫೋಟೋ ಚಿಕ್ಕಪ್ಪ ತೆಗೆದರು, ಕಪ್ಪು ಬಿಳುಪು ನಾನು. ನನ್ನ ಕ್ಯಾಮರಾದ ಕಡೆ ಅವಳು ನೋಡಿದ್ದು ಒಂದೇ ಸಲ. ಹೊರಡುವಾಗ ಕಾರಿನ ಕಿಟಕಿಯಿಂದ ಕೈ ಹೊರಗೆ ಚಾಚಿದ್ದಳು. ನನಗೇ ಚಾಚಿದ್ದಳೋ, ಪಕ್ಕದಲ್ಲಿದ್ದ ತಂಗಿಗೋ ತಿಳಿಯಲಿಲ್ಲ. ನಾನು ಕ್ಯಾಮರಾ ಕಣ್ಣಿಗೆ ಒತ್ತಿಕೊಂಡೇ ನಿಂತಿದ್ದೆ.

ಮುಂದಿನ ಪರೀಕ್ಷೆಯಲ್ಲಿ ಕೆಮಿಸ್ಟ್ರಿ ಪಾಸಾಯಿತು. ಆಮೇಲೆ ನನಗೂ ಮದುವೆಯಾಗಿ ಕೆ.ಆರ್. ಪೇಟೆಗೆ ಬಂದೆ. ಊರೂರಿಗೂ ಕಲರ್ ಲ್ಯಾಬು ಬಂದು ಚಿಕ್ಕಪ್ಪ ಕತ್ತಲೆ ಕೋಣೆಯ ಗೋಡೆ ಒಡೆಸಿ ಅಡುಗೆಮನೆ ದೊಡ್ಡದು ಮಾಡಿದರು. ಸುಶೀಲಳನ್ನು ನೋಡಲು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ಬೆಂಗಳೂರಿಗೆ ಹೋಗುವಾಗ, ಬರುವಾಗ ಎಷ್ಟೋ ಸಲ ನಾಗಮಂಗಲದಲ್ಲಿ ಬಸ್ಸು ನಿಂತಿದೆ. ಆಗೆಲ್ಲ ಸೆರಗು ಹೊದ್ದು ನಿದ್ದೆ ಬಂದವಳ ಹಾಗೆ ಕೂತಿರುತ್ತಿದ್ದೆ. ಎದುರಿಗೆ ಸಿಕ್ಕಿಬಿಟ್ಟರೆ ಎಂಬ ಭಯ, ಸಿಗಬಾರದೇ ಎಂಬ ಆಸೆ ಎರಡೂ ಒಂದೇ ಸಲ. ಮನಸ್ಸಿನೊಳಗೇ ಅವಳಿಗೆ ಹೇಳಬೇಕಾದ ಮಾತು ಜೋಡಿಸುತ್ತಾ ಮಕ್ಕಳನ್ನು ಬೆಳೆಸಿದೆ.

ಈ ಸಲ ಮಳೆಗಾಲ ಶುರುವಾಗುವ ಮೊದಲು ಧೈರ್ಯ ಮಾಡಿ ಹೋದೆ. ರಸ್ತೆ ಅಗಲವಾಗಿತ್ತು, ಮನೆ ಅದೇ. ಅಂಗನವಾಡಿಯ ಸೀರೆಯಲ್ಲೇ ಇದ್ದಳು, ಆಗ ತಾನೇ ಮಕ್ಕಳನ್ನು ಕಳಿಸಿ ಬಂದಿದ್ದಳು. ಇಪ್ಪತ್ತೆಂಟು ವರ್ಷದಿಂದ ಅದೇ ಕೆಲಸವಂತೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ‘ಸುಶೀಲಾ’ ಅಂದದ್ದೇ ತಡ, ಮುಖ ನೋಡುವ ಮೊದಲೇ ‘ರತ್ನಿ!’ ಅಂದಳು. ಅವಳ ಗಂಡ ಎಳನೀರು ಕೆತ್ತಿ ಕೊಟ್ಟು, ನಾವು ಮಾತಾಡಲಿ ಎಂದು ತೋಟದ ಕಡೆ ಹೋದರು. ಒಳ್ಳೆಯ ಮನುಷ್ಯ. ಅತ್ತೆ ತೀರಿಕೊಂಡು ಆರು ವರ್ಷವಾಗಿತ್ತು. ‘ಕೊನೇತನಕ ಬಂದೋರಿಗೆಲ್ಲ ಗೋಡೆ ಸಿಡುಬಿನ ಕತೆ ಏಳೋರು,’ ಅಂತ ಸುಶೀಲ ನಕ್ಕಳು.

ಆ ನಗು ಕಂಡು ಜೋಡಿಸಿಟ್ಟಿದ್ದ ಮಾತೆಲ್ಲ ಒಟ್ಟಿಗೆ ಬಂತು. ನಿನ್ನ ಓದು ನಾನೇ ಕೆಡಿಸಿದೆ, ನನಗೆ ತಿಳಿದದ್ದನ್ನು ತೋರಿಸಿಕೊಳ್ಳುವ ಜಂಬ, ನಿನ್ನ ಮುಖವನ್ನೇ ನೋಡದೆ ಹೋದೆ ಎಂದೆಲ್ಲ ಹೇಳಿದೆ. ಅವಳು ಎಳನೀರಿನ ಬುರುಡೆಯನ್ನು ತಿರುಗಿಸುತ್ತಾ ಕೇಳಿಸಿಕೊಂಡಳು.

‘ಅದಾ? ಒಂದೆರಡು ವರ್ಸ ಇತ್ತು ಮನಸ್ನಾಗೆ, ಇಲ್ಲಾನ್ನಲ್ಲ. ಆಮೇಲೆ ಮಗ ಉಟ್ಟಿದ, ಕೆಲಸ ಸಿಕ್ತು, ಓಯ್ತು. ನೀನಲ್ದಿದ್ರೆ ಅಪ್ಪ ಇನ್ನೊಬ್ರನ್ನ ನೋಡ್ತಿದ್ದ ಕಣಮ್ಮಿ.’ ಬುರುಡೆ ಕೆಳಗಿಟ್ಟಳು. ‘ನೀನು ಯಾಕ್ ಬರ್ಲಿಲ್ಲ?’

‘ಏನು?’

‘ಮದ್ವೆಯಾದ್ ವರ್ಸ. ಇಲ್ಲಿ ನಂಗೆ ಒಬ್ರೂ ಗೊತ್ತಿರ್ಲಿಲ್ಲ. ಬೈದೆ ನಿಜ, ಬೈದಿದ್ದಕ್ಕೆ ಬರದೇ ಇರ್ತಾಳಾ, ಇವತ್ತಲ್ಲ ನಾಳೆ ಬತ್ತಾಳೆ ಅಂದ್ಕೊಂಡೆ. ಮಧ್ಯಾನ್ನದ್ ಪಾಂಡವಪುರದ್ ಬಸ್ಸಿಗೆ ದಿನಾ ಈ ಜಗುಲಿ ಮ್ಯಾಲೆ ಬಂದು ಕೂರ್ತಿದ್ದೆ. ಅತ್ತೆ ಕೇಳಿದ್ರೆ ಅಕ್ಕಿ ಆರಿಸ್ತೀನಿ ಅಂತಿದ್ದೆ.’

ಇಷ್ಟು ವರ್ಷ ಜೋಡಿಸಿದ ಮಾತಿನಲ್ಲಿ ಇದಕ್ಕೊಂದು ಮಾತೂ ಇರಲಿಲ್ಲ. ಅವಳು ಕೈ ಎತ್ತಿ ರಸ್ತೆಯ ಆ ಬದಿ, ಹುಣಸೆಮರದ ತಿರುವು ತೋರಿಸಿದಳು. ‘ಅಲ್ಲಿ ನಿಲ್ಸೋನು.’

ಇಬ್ಬರೂ ಜಗುಲಿಯ ಮೇಲೆ ಕೂತೇ ಇದ್ದೆವು. ಒಂದು ಬಸ್ಸು ಬಂದು ತಿರುವಿನಲ್ಲಿ ನಿಂತಿತು. ಇಬ್ಬರೂ ಅತ್ತ ನೋಡಿದೆವು. ಯಾರೂ ಇಳಿಯಲಿಲ್ಲ.